ದುಬಾರಿ ಆಡಿಯೋ ಕೊಳ್ಳುವಾಗ: ಅಧಿಕೃತ ಡೀಲರೋ, ಗ್ರೇ ಪೀಸೋ, ವಿದೇಶದಿಂದ ತರಿಸುವುದೋ?

ಒಂದೇ ಇಂಟಿಗ್ರೇಟೆಡ್ ಆಂಪ್ಲಿಫೈಯರ್‌ಗೆ ಶೋರೂಮಿನಲ್ಲಿ 3 ಲಕ್ಷ ಹೇಳುತ್ತಾರೆ ಎಂದುಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಪರಿಚಯವಾದ ಮಾರಾಟಗಾರ ಅದನ್ನೇ 2 ಲಕ್ಷದ 25 ಸಾವಿರಕ್ಕೆ ಮನೆಗೆ ತಲುಪಿಸುತ್ತೇನೆ ಎನ್ನುತ್ತಾನೆ. ಡಬ್ಬ ಅದೇ, ಕಂಪನಿ ಅದೇ, ಸೀಲೂ ಒಡೆದಿಲ್ಲ. ಅಧಿಕೃತ ದಾರಿ ಬಿಟ್ಟು ಹೀಗೆ ಬರುವ ಮಾಲನ್ನೇ ಗ್ರೇ ಪೀಸು ಎನ್ನುವುದು. ಆ 75 ಸಾವಿರ ಹೋಗುವುದು ಮುಖ್ಯವಾಗಿ ಮೂರು ಪ್ರಶ್ನೆಗಳ ಉತ್ತರಕ್ಕೆ: ಕೆಟ್ಟಾಗ ಯಾರು ಬಿಚ್ಚುತ್ತಾರೆ, ಬಿಡಿಭಾಗ ಎಲ್ಲಿಂದ ಬರುತ್ತದೆ, ಸಾಗಣೆ ಖರ್ಚು ಯಾರ ತಲೆಗೆ. ಈ ಉತ್ತರಗಳ ಬೆಲೆ ಉಪಕರಣದಿಂದ ಉಪಕರಣಕ್ಕೆ ಬೇರೆ. ಪ್ಯಾಸಿವ್ ಸ್ಪೀಕರ್‌ಗೆ (ಒಳಗೆ ಆಂಪ್ಲಿಫೈಯರ್ ಇಲ್ಲದ್ದು) ಸರಿಹೋಗುವ ದಾರಿ ಎ.ವಿ. ರಿಸೀವರ್‌ಗೆ (ಟಿ.ವಿ.ಗೆ ಚಿತ್ರವನ್ನೂ ಸ್ಪೀಕರಿಗೆ ಧ್ವನಿಯನ್ನೂ ಹಾಯಿಸುವ ಆಂಪ್ಲಿಫೈಯರ್) ಸರಿಹೋಗುವುದಿಲ್ಲ. ಆದ್ದರಿಂದ ಡೀಲರ್ ಯಾರು ಎಂದು ಕೇಳುವ ಮುಂಚೆ ಕೊಳ್ಳುತ್ತಿರುವುದು ಏನು, ಅದರಲ್ಲಿ ಕೆಡುವುದು ಯಾವುದು ಎಂದು ಕೇಳಿಕೊಳ್ಳಬೇಕು.

ವಾರಂಟಿ ಕೊಡುವವರು ಯಾರು

ಡಬ್ಬದ ಮೇಲೆ ಹೆಸರಿರುವ ಕಂಪನಿಯೇ ಭಾರತದಲ್ಲೂ ವಾರಂಟಿ ಕೊಡುತ್ತದೆ ಎಂದು ನಂಬಿರುವವರು ಬಹಳ. ಸೋನಿ, ಯಮಾಹಾ ತರಹ ಇಲ್ಲಿ ಸ್ವಂತ ಕಂಪನಿ ನಡೆಸುವವರ ಮಟ್ಟಿಗೆ ಅದು ಸರಿ. ಮಿಕ್ಕ ಬಹುಪಾಲು ಹೈ-ಎಂಡ್ ಬ್ರ್ಯಾಂಡುಗಳು ಬರುವುದು ಒಬ್ಬ ಡಿಸ್ಟ್ರಿಬ್ಯೂಟರ್ ಮೂಲಕ. ಸ್ಟಾಕ್ ತರಿಸುವುದು, ಸುಂಕ ಕಟ್ಟುವುದು, ಡೀಲರುಗಳಿಗೆ ಹಂಚುವುದು, ಬಿಡಿಭಾಗ ಇಟ್ಟುಕೊಳ್ಳುವುದು, ರಿಪೇರಿ ಮಾಡಿಸಿಕೊಡುವುದು ಎಲ್ಲವೂ ಆತನ ಹೊಣೆ. ವಾರಂಟಿ ಕೆಲಸದ ಖರ್ಚನ್ನು ಆತ ತೂಗಿಸುವುದು ತಾನು ತರಿಸಿದ ಪೀಸುಗಳ ಲಾಭದಲ್ಲಿ. ಬೇರೆ ದಾರಿಯಲ್ಲಿ ಬಂದ ಪೀಸಿನಿಂದ ಆತನಿಗೆ ಏನೂ ಸಿಕ್ಕಿರುವುದಿಲ್ಲ. ಅದಕ್ಕೇ ಸರ್ವಿಸ್‌ಗೆ ಫೋನ್ ಮಾಡಿದ ಕೂಡಲೇ ಸೀರಿಯಲ್ ನಂಬರ್ ಕೇಳುತ್ತಾರೆ. ಅವರ ಆಮದು ಪಟ್ಟಿಯಲ್ಲಿ ಆ ನಂಬರ್ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

"ವಾರಂಟಿ ಇಲ್ಲದಿದ್ದರೆ ಹೋಗಲಿ, ದುಡ್ಡು ಕೊಟ್ಟು ಮಾಡಿಸಿಕೊಂಡರಾಯಿತು" ಎನ್ನುವವರು ಗಮನಿಸಬೇಕಾದ್ದು ಒಂದಿದೆ. ಕೆಲವು ಡಿಸ್ಟ್ರಿಬ್ಯೂಟರುಗಳು ಗ್ರೇ ಪೀಸನ್ನು ಹಣ ಕೊಟ್ಟರೂ ಮುಟ್ಟುವುದಿಲ್ಲ, ಬಿಡಿಭಾಗವನ್ನು ಹೊರಗಿನ ಮೆಕ್ಯಾನಿಕ್‌ಗೆ ಮಾರುವುದೂ ಇಲ್ಲ. ಕೊಳ್ಳುವ ಮುಂಚೆ ಇದೊಂದನ್ನು ಇಮೇಲಿನಲ್ಲಿ ಕೇಳಿ ಉತ್ತರ ಪಡೆದುಕೊಳ್ಳಿ: "ನಿಮ್ಮಿಂದ ಕೊಳ್ಳದ ಪೀಸನ್ನು ಶುಲ್ಕ ತೆಗೆದುಕೊಂಡು ರಿಪೇರಿ ಮಾಡುತ್ತೀರಾ?" ಹೌದು ಎಂದರೆ ಗ್ರೇ ಪೀಸಿನ ಅಪಾಯ ಅರ್ಧಕ್ಕೆ ಇಳಿಯಿತು. ಇಲ್ಲ ಎಂದರೆ ಕಂಡ ಉಳಿತಾಯ ಉಳಿತಾಯವೇ ಅಲ್ಲದಿರಬಹುದು.

ಅಧಿಕೃತ ದಾರಿಯಲ್ಲೂ ಒಂದು ಸಡಿಲ ಕೊಂಡಿ ಇದೆ. ಬ್ರ್ಯಾಂಡು ಒಬ್ಬ ಡಿಸ್ಟ್ರಿಬ್ಯೂಟರ್‌ನಿಂದ ಇನ್ನೊಬ್ಬನಿಗೆ ಕೈ ಬದಲಾಯಿಸಿದಾಗ, ಹಳಬನ ಕಾಲದ ಪೀಸುಗಳನ್ನು ಹೊಸಬ ನೋಡಿಕೊಳ್ಳುತ್ತಾನೆಯೇ ಎಂಬುದು ಅವರ ನಡುವಿನ ಒಪ್ಪಂದಕ್ಕೆ ಬಿಟ್ಟದ್ದು. ಕಂಪನಿಯೇ ಮುಳುಗುವುದೂ ಉಂಟು: ಜಪಾನಿನ ಓಂಕ್ಯೋ ಹೋಮ್ ಎಂಟರ್‌ಟೈನ್‌ಮೆಂಟ್ 2022ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು, ಬ್ರ್ಯಾಂಡು ಬೇರೆಯವರ ಕೈ ಸೇರಿತು. 5 ವರ್ಷದ ವಾರಂಟಿಗೆಂದು ಹೆಚ್ಚು ಹಣ ಕೊಡುವಾಗ, ಆ ಡಿಸ್ಟ್ರಿಬ್ಯೂಟರ್ ಎಷ್ಟು ವರ್ಷದಿಂದ ಆ ಬ್ರ್ಯಾಂಡು ನಡೆಸುತ್ತಿದ್ದಾನೆ ಎಂಬುದನ್ನೂ ಕೇಳಿ.

ಇನ್ನು ವಾರಂಟಿ ಪತ್ರದ ಸಣ್ಣ ಅಕ್ಷರ. ಅಲ್ಲಿ ಸಾಮಾನ್ಯವಾಗಿ ಮೂರು ಷರತ್ತು ಒಟ್ಟಿಗೆ ಇರುತ್ತವೆ: ಅಧಿಕೃತ ಡೀಲರ್‌ನಿಂದ ಕೊಂಡಿರಬೇಕು, ಕೊಂಡ ದೇಶದಲ್ಲೇ ಸರ್ವಿಸ್ ಕೇಳಬೇಕು, ಮೊದಲ ಖರೀದಿದಾರನೇ ಕೇಳಬೇಕು. ಅಪವಾದಗಳೂ ಇವೆ. ಕೆನಡಾದ ಬ್ರೈಸ್ಟನ್ ತನ್ನ ಅನಲಾಗ್ ಆಂಪ್ಲಿಫೈಯರುಗಳಿಗೆ 20 ವರ್ಷದ ವಾರಂಟಿ ಕೊಡುತ್ತದೆ, ಮಾಲೀಕ ಬದಲಾದರೂ ಅದು ಮುಂದುವರಿಯುತ್ತದೆ. ಇಂಥ ಬ್ರ್ಯಾಂಡಿನ ಸೆಕೆಂಡ್‌ಹ್ಯಾಂಡ್ ಪೀಸು ಹೊಸ ಗ್ರೇ ಪೀಸಿಗಿಂತ ಎಷ್ಟೋ ಮೇಲು. ಅವಧಿಯನ್ನೂ ಭಾಗಭಾಗವಾಗಿ ಓದಬೇಕು. ಹಲವು ಕಂಪನಿಗಳಲ್ಲಿ ಪ್ಯಾಸಿವ್ ಸ್ಪೀಕರ್‌ಗೆ 5 ವರ್ಷ, ಎಲೆಕ್ಟ್ರಾನಿಕ್ಸ್‌ಗೆ 2 ವರ್ಷ ಇದ್ದರೆ, ವಾಲ್ವ್ ಆಂಪ್ಲಿಫೈಯರಿನ ವಾಲ್ವುಗಳಿಗೆ (ಗಾಜಿನ ಟ್ಯೂಬುಗಳಿಗೆ) 90 ದಿನ ಮಾತ್ರ ಇರುವುದು ಮಾಮೂಲು. ಟರ್ನ್‌ಟೇಬಲ್ ಕಾರ್ಟ್ರಿಜ್‌ನ ಸ್ಟೈಲಸ್ (ಮುಳ್ಳು) ಸವೆತ, ಬಾಗಿದ ಕ್ಯಾಂಟಿಲಿವರ್ (ಮುಳ್ಳು ಹಿಡಿದ ಕಡ್ಡಿ) ಯಾವ ವಾರಂಟಿಗೂ ಸೇರುವುದಿಲ್ಲ.

ಇರುವ ದಾರಿಗಳು

ಅಧಿಕೃತ ಡೀಲರ್ ಎಂದರೆ ಆ ಬ್ರ್ಯಾಂಡಿಗೆ, ಕೆಲವೊಮ್ಮೆ ಆ ಶ್ರೇಣಿಗೆ ಮಾತ್ರ ಅಧಿಕೃತ. ಕಂಪನಿಯ ಕೆಳ ಶ್ರೇಣಿಯ ಸ್ಪೀಕರ್ ಮಾರಲು ಅನುಮತಿ ಇರುವವನಿಗೆ ಮೇಲಿನ ಶ್ರೇಣಿಯ ಅನುಮತಿ ಇರಲೇಬೇಕೆಂದಿಲ್ಲ. ಆತ ಅದನ್ನು ತರಿಸಿಕೊಟ್ಟರೆ ಬೋರ್ಡು ಅಧಿಕೃತ, ಪೀಸು ಗ್ರೇ.

ಗ್ರೇ ಪೀಸಿನಲ್ಲಿ ಒಳಜಾತಿಗಳಿವೆ, ಇವನ್ನು ಬೇರೆಬೇರೆಯಾಗಿ ನೋಡುವುದು ಮುಖ್ಯ. ಒಂದು, ಡಿಸ್ಟ್ರಿಬ್ಯೂಟರ್ ಅಲ್ಲದವರು ಸುಂಕ ಕಟ್ಟಿ ಸಮಾನಾಂತರವಾಗಿ ಆಮದು ಮಾಡಿ ಜಿಎಸ್‌ಟಿ ಬಿಲ್ ಸಮೇತ ಮಾರುವುದು. ಎರಡು, ಬ್ಯಾಗೇಜಿನಲ್ಲಿ ಬಂದು ಬಿಲ್ಲೇ ಇಲ್ಲದೆ ಮಾರಾಟವಾಗುವುದು. ಮೂರು, ದೇಶದೊಳಗಿನ ಯಾವುದೋ ಅಧಿಕೃತ ಡೀಲರ್ ಟಾರ್ಗೆಟ್ ಮುಟ್ಟಿಸಲು ಹಿಂಬಾಗಿಲಿನಿಂದ ಬಿಟ್ಟ ಮಾಲು. ಇದರ ಸೀರಿಯಲ್ ನಂಬರ್ ಡಿಸ್ಟ್ರಿಬ್ಯೂಟರ್ ಪಟ್ಟಿಯಲ್ಲಿ ಇರುತ್ತದೆ, ಆದರೆ ಬಿಲ್ಲಿನ ಹೆಸರು ಹೊಂದುವುದಿಲ್ಲ. ನಾಲ್ಕು, ಫ್ಯಾಕ್ಟರಿ ರಿಫರ್ಬಿಷ್ ಮಾಡಿದ್ದನ್ನು ಹೊಸದೆಂದು ಮಾರುವುದು. ಮೊದಲನೆಯದನ್ನು ಲೆಕ್ಕ ಹಾಕಿ ಕೊಳ್ಳಬಹುದು. ಎರಡನೆಯದು ಮತ್ತು ನಾಲ್ಕನೆಯದರ ತಂಟೆಗೆ ಹೋಗಬಾರದು. ಮೂರನೆಯದರಲ್ಲಿ, ಮೂಲ ಡೀಲರ್ ನಿಮ್ಮ ಹೆಸರಿಗೇ ಬಿಲ್ ಕೊಟ್ಟರೆ ಮಾತ್ರ ಮುಂದುವರಿಯಿರಿ.

ವಿದೇಶದ ಅಧಿಕೃತ ಡೀಲರ್ ಹತ್ತಿರ ನೆಂಟರಿಷ್ಟರ ಮೂಲಕ ಕೊಂಡು ತರುವುದು ಮೂರನೆಯ ದಾರಿ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗಳೋ ತಮ್ಮನೋ ಬರುವಾಗ ತಂದುಕೊಟ್ಟರೆ ಬೆಲೆ ಇಳಿಯುತ್ತದೆ, ವಾರಂಟಿ ಅಲ್ಲಿಯೇ ಉಳಿಯುತ್ತದೆ. ಬ್ಯಾಗೇಜಿನ ಸುಂಕರಹಿತ ಮಿತಿಯೂ ಸುಂಕದ ದರವೂ ಕಾಲಕಾಲಕ್ಕೆ ಬದಲಾಗುವುದರಿಂದ, ಟಿಕೆಟ್ ತೆಗೆಯುವ ವಾರ ಕಸ್ಟಮ್ಸ್ ಇಲಾಖೆಯ ಜಾಲತಾಣ ನೋಡಿಯೇ ಲೆಕ್ಕ ಹಾಕಿ. ಮಿತಿ ದಾಟಿದ್ದರೆ ರೆಡ್ ಚಾನೆಲ್‌ನಲ್ಲಿ ಘೋಷಿಸಿ ಸುಂಕ ಕಟ್ಟಿ, ಆ ರಸೀದಿಯನ್ನು ಉಪಕರಣ ಇರುವಷ್ಟು ದಿನ ಇಟ್ಟುಕೊಳ್ಳಿ. ಮುಂದೆ ಮಾರುವಾಗಲೂ ರಿಪೇರಿಗೆ ಹೊರದೇಶಕ್ಕೆ ಕಳಿಸುವಾಗಲೂ ಅದು ಬೇಕು.

ಕೊರಿಯರಿನಲ್ಲಿ ತರಿಸುವವರು ತೂಕವಲ್ಲ, ಗಾತ್ರ ನೋಡಬೇಕು. ವಿಮಾನ ಸಾಗಣೆಯವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 55, 55, 35 ಸೆಂ.ಮೀ. ಡಬ್ಬ 21 ಕೆ.ಜಿ. ಲೆಕ್ಕಕ್ಕೆ ಬರುತ್ತದೆ, ಒಳಗಿನ ಡ್ಯಾಕ್ (ಡಿಜಿಟಲ್ ಧ್ವನಿಯನ್ನು ಅನಲಾಗ್ ಮಾಡುವ ಪೆಟ್ಟಿಗೆ) 6 ಕೆ.ಜಿ. ಇದ್ದರೂ ಸರಿ. ಸುಂಕ ಬೀಳುವುದು ಸರಕಿನ ಬೆಲೆಗೆ ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ.

ನಾಲ್ಕನೆಯ ದಾರಿಯನ್ನು ಹೆಚ್ಚಿನವರು ಮರೆತೇಬಿಡುತ್ತಾರೆ: ಅಧಿಕೃತ ಡೀಲರ್ ಹತ್ತಿರವೇ ಡೆಮೊ ಪೀಸು, ಡಬ್ಬ ಒಡೆದ ಪೀಸು, ಕಳೆದ ವರ್ಷದ ಮಾಡೆಲ್ ಕೇಳುವುದು. ಹೊಸ ಮಾಡೆಲ್ ಬಂದಾಗ ಶೋರೂಮಿನ ಹಳೆಯದನ್ನು ಖಾಲಿ ಮಾಡಲೇಬೇಕು, ಆಗ ಬೆಲೆ ಗ್ರೇ ಪೀಸಿನ ಹತ್ತಿರಕ್ಕೆ ಇಳಿಯುವುದುಂಟು. ಕೇಳಬೇಕಾದ್ದು ಒಂದೇ ಮಾತು: ವಾರಂಟಿ ಶುರುವಾಗುವುದು ನನ್ನ ಬಿಲ್ಲಿನ ದಿನದಿಂದಲೋ, ಡೆಮೊಗೆ ತೆರೆದ ದಿನದಿಂದಲೋ? ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಎಲೆಕ್ಟ್ರಾನಿಕ್ಸ್‌ನ ಮಟ್ಟಿಗೆ ಈ ನಾಲ್ಕರಲ್ಲಿ ನಮ್ಮ ಮೊದಲ ಆಯ್ಕೆ ಇದೇ.

ವೋಲ್ಟೇಜ್, ಹರ್ಟ್ಜ್, ರೇಡಿಯೋ

ವಿದೇಶದ ಪೀಸಿನಲ್ಲಿ ವಾರಂಟಿಗಿಂತ ಮೊದಲು ಕೈಕೊಡುವುದು ಕರೆಂಟು. ನಮ್ಮದು 230 ವೋಲ್ಟ್, 50 ಹರ್ಟ್ಜ್. ಯುರೋಪಿನದೂ ಅದೇ, ಹಾಗಾಗಿ ಜರ್ಮನಿಯಿಂದಲೋ ಇಂಗ್ಲೆಂಡಿನಿಂದಲೋ ಬಂದದ್ದಕ್ಕೆ ಪ್ಲಗ್ ಬದಲಿಸಿದರೆ ಸಾಕು. ಅಮೆರಿಕ 120 ವೋಲ್ಟ್, 60 ಹರ್ಟ್ಜ್. ಜಪಾನ್ 100 ವೋಲ್ಟ್, ಅದರ ಪೂರ್ವ ಭಾಗದಲ್ಲಿ 50 ಹರ್ಟ್ಜ್, ಪಶ್ಚಿಮದಲ್ಲಿ 60. ಹಿಂಭಾಗದ ತಗಡಿನ ಮೇಲೆ ಮುದ್ರಿಸಿರುವುದನ್ನು ಓದದೆ ಪ್ಲಗ್ ಚುಚ್ಚಬೇಡಿ. 100ರಿಂದ 240 ವೋಲ್ಟ್ ಎಂದಿದ್ದರೆ ಒಳಗೆ ಸ್ವಿಚಿಂಗ್ ಸಪ್ಲೈ ಇದೆ, ಯಾವ ಚಿಂತೆಯೂ ಇಲ್ಲ. ಅನೇಕ ಡ್ಯಾಕ್, ಸ್ಟ್ರೀಮರ್, ಕ್ಲಾಸ್-ಡಿ ಆಂಪ್ಲಿಫೈಯರುಗಳು ಹೀಗೇ ಇರುತ್ತವೆ. 120 ಎಂದಷ್ಟೇ ಇದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ 230ರ ಏಟಿಗೆ ನಿಲ್ಲುವುದಿಲ್ಲ. ಫ್ಯೂಸ್ ಹಾರಿದರೆ ಪುಣ್ಯ, ಇಲ್ಲದಿದ್ದರೆ ಬೋರ್ಡೂ ಹೋಗುತ್ತದೆ.

ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರಾಯಿತು ಎನ್ನುವುದು ಸುಲಭದ ಮಾತು. ಅದರಲ್ಲಿ ನಾಲ್ಕು ವಿಷಯ ಕೈಕೊಡುತ್ತವೆ. ಒಂದು, ಗಾತ್ರ: ಹಿಂಭಾಗದಲ್ಲಿ 300 ವ್ಯಾಟ್ ಎಂದಿದ್ದರೆ 600 ವಿ.ಎ. (ವೋಲ್ಟ್-ಆಂಪಿಯರ್) ಟ್ರಾನ್ಸ್‌ಫಾರ್ಮರ್ ಬೇಕು, ದೊಡ್ಡ ಪವರ್ ಆಂಪ್ಲಿಫೈಯರಿಗೆ 1500 ವಿ.ಎ. ಮೇಲೆಯೇ. ಎರಡು, ಅರ್ತ್: ಅಗ್ಗದವುಗಳಲ್ಲಿ ಎರಡೇ ಪಿನ್ ಇರುತ್ತದೆ, ಅರ್ತ್ ಆಚೆಗೆ ದಾಟುವುದಿಲ್ಲ. ಲೋಹದ ಮೈ ಇರುವ ಆಂಪ್ಲಿಫೈಯರಿಗೆ ಅದು ಪ್ರಾಣಾಪಾಯ. ಮೂರು, ಅನುಪಾತ: 230ಕ್ಕೆ 110 ಕೊಡುವಂತೆ ಸುತ್ತಿದ ಟ್ರಾನ್ಸ್‌ಫಾರ್ಮರ್, ರಾತ್ರಿ ಲೈನಿನಲ್ಲಿ 245 ಇದ್ದಾಗ 117 ಕೊಡುತ್ತದೆ. ಅಮೆರಿಕದ ಪೀಸಿಗೆ ತೊಂದರೆಯಿಲ್ಲ. ಜಪಾನಿನ 100 ವೋಲ್ಟಿನ ಪೀಸಿಗೆ ಅದು 17 ಶೇಕಡ ಹೆಚ್ಚು, ಒಳಗಿನ ಬಿಸಿ ಏರಿ ಕೆಪ್ಯಾಸಿಟರುಗಳ ಆಯುಸ್ಸು ಕುಗ್ಗುತ್ತದೆ. ಜಪಾನಿನದಕ್ಕೆ 100 ಎಂದು ಹೇಳಿಯೇ ಸುತ್ತಿಸಬೇಕು.

ನಾಲ್ಕನೆಯದು ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ ಮುಟ್ಟುವುದಿಲ್ಲ. 60 ಹರ್ಟ್ಜ್‌ಗೆಂದೇ ಬಿಗಿಯಾಗಿ ಲೆಕ್ಕ ಹಾಕಿ ಮಾಡಿದ ಪವರ್ ಟ್ರಾನ್ಸ್‌ಫಾರ್ಮರ್ 50ರಲ್ಲಿ ಗುಂಯ್ ಎನ್ನುತ್ತದೆ, ಬಿಸಿಯಾಗುತ್ತದೆ. ಟರ್ನ್‌ಟೇಬಲ್‌ನಲ್ಲಿ ಇದು ಕಿವಿಗೇ ಕೇಳುತ್ತದೆ. ಎ.ಸಿ. ಸಿಂಕ್ರೊನಸ್ ಮೋಟರಿನ ವೇಗ ನಿರ್ಧಾರವಾಗುವುದು ಹರ್ಟ್ಜ್‌ನಿಂದ. ಅಮೆರಿಕದ ಪುಲಿ ಇರುವ ಟರ್ನ್‌ಟೇಬಲ್ ಇಲ್ಲಿ ನಿಮಿಷಕ್ಕೆ 33⅓ ಸುತ್ತಿನ ಬದಲು 27.8 ಸುತ್ತು ತಿರುಗುತ್ತದೆ, ಶ್ರುತಿ ಮೂರು ಸ್ವರಸ್ಥಾನ ಕೆಳಗೆ ಬೀಳುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ ರೆಕಾರ್ಡು ಹಾಕಿದರೆ ಬೇರೆ ಯಾರೋ ಹಾಡಿದಂತೆ ಕೇಳುತ್ತದೆ. 50 ಹರ್ಟ್ಜ್ ಪುಲಿ ಹಾಕಿಸಿದರೆ ಸರಿಯಾಗುತ್ತದೆ, ಆದರೆ ಅದು ಸಿಗುವುದೂ ಅಧಿಕೃತ ಡೀಲರ್ ಹತ್ತಿರವೇ. ಡಿ.ಸಿ. ಮೋಟರ್ ಅಥವಾ ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್ ಇದ್ದರೆ ವೇಗದ ಸಮಸ್ಯೆ ಇಲ್ಲ.

ಒಳಗಿನ ಟ್ರಾನ್ಸ್‌ಫಾರ್ಮರಿಗೆ ಎರಡು ಪ್ರೈಮರಿ ಸುರುಳಿ ಇದ್ದರೆ, ಜಂಪರ್ ಬದಲಿಸಿ 115ರಿಂದ 230ಕ್ಕೆ ತರಬಹುದು. ಜೊತೆಗೆ ಮೇನ್ಸ್ ಫ್ಯೂಸನ್ನೂ ಅರ್ಧದಷ್ಟು ಆಂಪಿಯರಿನದಕ್ಕೆ ಇಳಿಸಬೇಕು: 6.3 ಇದ್ದಲ್ಲಿ 3.15, ಎರಡೂ ಸ್ಲೋ-ಬ್ಲೋ. ಫ್ಯೂಸ್ ಬದಲಿಸದೆ ಬಿಡುವುದು ಈ ಕೆಲಸದಲ್ಲಿ ಅತಿ ಸಾಮಾನ್ಯ ತಪ್ಪು. ಮುಚ್ಚಳ ತೆರೆದ ಮೇಲೆ ಅಮೆರಿಕದ ವಾರಂಟಿಯೂ ಅನುಮಾನಕ್ಕೆ ಬೀಳುತ್ತದೆ.

ರಿಸೀವರಿನಲ್ಲಿ ರೇಡಿಯೋ ಕೇಳುವವರಿಗೆ ಇನ್ನೊಂದು ಸೂಕ್ಷ್ಮ. ಅಮೆರಿಕದ ಟ್ಯೂನರ್ ಎ.ಎಂ. ಬ್ಯಾಂಡಿನಲ್ಲಿ 10 ಕಿಲೋಹರ್ಟ್ಜ್ ಹೆಜ್ಜೆ ಇಡುತ್ತದೆ, ನಮ್ಮದು 9. ಬೆಂಗಳೂರು ಆಕಾಶವಾಣಿಯ 612, ಧಾರವಾಡದ 765 ಎರಡೂ 9ರ ಹೆಜ್ಜೆಯಲ್ಲಿ ಕೂರುತ್ತವೆ. 10ರ ಹೆಜ್ಜೆಯಲ್ಲಿ 610 ಆದಮೇಲೆ 620, 760 ಆದಮೇಲೆ 770. ಎಫ್.ಎಂ.ನಲ್ಲಿ ಅಮೆರಿಕದ ಡಿ-ಎಂಫಸಿಸ್ (ಟ್ಯೂನರ್ ತೀಕ್ಷ್ಣ ಧ್ವನಿಯನ್ನು ತಗ್ಗಿಸುವ ಪ್ರಮಾಣ) 75 ಮೈಕ್ರೊಸೆಕೆಂಡು, ಇಲ್ಲಿಯದು 50. ಹಾಗಾಗಿ ಧ್ವನಿ ಮಂಕಾಗುತ್ತದೆ. ಜಪಾನಿನ ಹಳೆಯ ಟ್ಯೂನರುಗಳು 76ರಿಂದ 90 ಮೆಗಾಹರ್ಟ್ಜ್‌ವರೆಗೆ ಮಾತ್ರ ಹೋಗುತ್ತವೆ, ಬೆಂಗಳೂರಿನ ವಿವಿಧ ಭಾರತಿ ಇರುವುದು 102.9ರಲ್ಲಿ.

ಯಾವ ಉಪಕರಣಕ್ಕೆ ಯಾವ ದಾರಿ

ಎ.ವಿ. ರಿಸೀವರ್ ಮತ್ತು ಸ್ಟ್ರೀಮಿಂಗ್ ಆಂಪ್ಲಿಫೈಯರ್: ಅಧಿಕೃತ ಡೀಲರ್ ಬಿಟ್ಟು ಬೇರೆಡೆ ಹೋಗಬೇಡಿ. ಇವುಗಳಲ್ಲಿ ಕೆಡುವುದು ಎಚ್‌ಡಿಎಂಐ ಬೋರ್ಡು, ನೆಟ್‌ವರ್ಕ್ ಮಾಡ್ಯೂಲು, ಧ್ವನಿ ಸಂಸ್ಕರಿಸುವ ಡಿಎಸ್‌ಪಿ ಚಿಪ್ಪು. ಬೆಂಗಳೂರಿನ ಎಸ್.ಪಿ. ರೋಡಿನ ಎಷ್ಟೇ ನುರಿತ ಕೈಗೂ ಇವನ್ನು ಸರಿಪಡಿಸುವುದು ಕಷ್ಟ. ಇಡೀ ಬೋರ್ಡು ಬದಲಿಸಬೇಕು, ಬೋರ್ಡು ಸಿಗುವುದು ಅಧಿಕೃತ ಸರ್ವಿಸ್‌ಗೆ. ಇಡೀ ಬ್ಯಾಚಿಗೇ ದೋಷ ಬಂದಾಗ ವ್ಯತ್ಯಾಸ ಎದ್ದು ಕಾಣುತ್ತದೆ. 2020ರಲ್ಲಿ ಬಂದ ಡೆನಾನ್, ಮರಾಂಟ್ಜ್, ಯಮಾಹಾ ರಿಸೀವರುಗಳ ಎಚ್‌ಡಿಎಂಐ 2.1 ಚಿಪ್ಪಿನಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ 4ಕೆ 120 ಹರ್ಟ್ಜ್ ಚಿತ್ರ ಹಾಯದ ದೋಷ ಕಂಡಿತು. 2021ರಲ್ಲಿ ಡೆನಾನ್ ಮತ್ತು ಮರಾಂಟ್ಜ್ ಒಂದು ಅಡಾಪ್ಟರ್ ಪೆಟ್ಟಿಗೆಯನ್ನು ಉಚಿತವಾಗಿ ಕೊಟ್ಟವು, ಯಮಾಹಾ ಬೋರ್ಡನ್ನೇ ಬದಲಿಸಿಕೊಡಲು ಮುಂದಾಯಿತು. ಇಂಥ ಸೌಲಭ್ಯಕ್ಕೆ ಬಾಗಿಲು ಸೀರಿಯಲ್ ನಂಬರೇ. ಆ ನಂಬರ್ ಬೇರೆ ದೇಶದ್ದಾದರೆ ಇಲ್ಲಿಯವರು ಅಲ್ಲಿಗೆ ತೋರಿಸುತ್ತಾರೆ, ಅಲ್ಲಿಯವರು ಇಲ್ಲಿಗೆ ತೋರಿಸುತ್ತಾರೆ.

ಆ್ಯಕ್ಟಿವ್ ಸ್ಪೀಕರ್, ವೈರ್‌ಲೆಸ್ ಸ್ಪೀಕರ್, ಸಬ್‌ವೂಫರ್: ಒಳಗೆ ಪ್ಲೇಟ್ ಆಂಪ್ಲಿಫೈಯರ್ (ಹಿಂಭಾಗದ ತಗಡಿಗೆ ಕೂರಿಸಿದ್ದು) ಇರುವುದರಿಂದ ಇವೂ ಎಲೆಕ್ಟ್ರಾನಿಕ್ಸ್ ಸಾಲಿಗೆ ಸೇರಿದವು. ಸಬ್‌ವೂಫರಿನಲ್ಲಿ ಮೊದಲು ಸಾಯುವುದು ಆ ಪ್ಲೇಟೇ, ಹಗಲೂ ರಾತ್ರಿ ಸ್ಟ್ಯಾಂಡ್‌ಬೈನಲ್ಲಿ ಬಿಸಿಯಾಗಿ ಕೂತಿರುತ್ತದೆ.

ಪ್ಯಾಸಿವ್ ಸ್ಪೀಕರ್: ಬಿಲ್ ಇರುವ ಗ್ರೇ ಪೀಸನ್ನು ಗಂಭೀರವಾಗಿ ಪರಿಗಣಿಸಬಹುದಾದ ಜಾಗ ಇದು. ಒಳಗಿರುವುದು ಡ್ರೈವರುಗಳು (ಧ್ವನಿ ಹೊರಡಿಸುವ ಕೋನು, ಟ್ವೀಟರು) ಮತ್ತು ಅವುಗಳಿಗೆ ಧ್ವನಿ ಹಂಚುವ ಕ್ರಾಸ್‌ಓವರ್, ವೋಲ್ಟೇಜಿನ ಗೊಡವೆಯೇ ಇಲ್ಲ. ಬಂದ ದಿನವೇ ಮಲ್ಟಿಮೀಟರ್ ಹಿಡಿದು ಎರಡೂ ಸ್ಪೀಕರಿನ ಟರ್ಮಿನಲ್ ನಡುವಿನ ರೆಸಿಸ್ಟೆನ್ಸ್ ನೋಡಿ. 8 ಓಮ್ ಸ್ಪೀಕರಿನಲ್ಲಿ ಸಾಮಾನ್ಯವಾಗಿ 5.5ರಿಂದ 7, 4 ಓಮಿನದರಲ್ಲಿ 3ರಿಂದ 3.5 ತೋರಿಸುತ್ತದೆ. ಎರಡರ ನಡುವೆ 0.3ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಯಾವುದೋ ಡ್ರೈವರ್ ಬದಲಾಗಿದೆಯೋ ಎಂದು ಅನುಮಾನಿಸಿ. ಸೀರಿಯಲ್ ನಂಬರುಗಳು ಜೋಡಿಯಾಗಿವೆಯೇ, ಎರಡು ಡಬ್ಬಗಳ ಮೇಲಿನ ನಂಬರಿಗೆ ಸರಿಹೊಂದುತ್ತವೆಯೇ ನೋಡಿ. ವಾಯ್ಸ್ ಕಾಯಿಲ್ (ಡ್ರೈವರಿನ ತಂತಿ ಸುರುಳಿ) ಸುಟ್ಟರೆ ಅಧಿಕೃತ ಡೀಲರೂ ವಾರಂಟಿ ಕೊಡುವುದಿಲ್ಲ. ಬಿಚ್ಚಿದರೆ ಕಾಯಿಲ್ ಕಪ್ಪಾಗಿರುವುದು ಕಾಣುತ್ತದೆ, ಆಂಪ್ಲಿಫೈಯರನ್ನು ಮಿತಿ ಮೀರಿ ಓಡಿಸಿದ್ದೀರಿ ಎಂದು ಬರೆಯುತ್ತಾರೆ. ಕೈಬಿಟ್ಟುಹೋಗುವುದು ಬದಲಿ ಡ್ರೈವರ್ ಸಿಗುವ ಸೌಕರ್ಯ. ಬೆರಿಲಿಯಂ, ವಜ್ರದ ಟ್ವೀಟರ್ ಇರುವ ಮೇಲಿನ ಶ್ರೇಣಿಗಳಲ್ಲಿ ಒಂದು ಟ್ವೀಟರಿನ ಬೆಲೆಯೇ ಇಡೀ ಉಳಿತಾಯವನ್ನು ನುಂಗಬಲ್ಲದು, ಅಲ್ಲಿ ಅಧಿಕೃತ ದಾರಿಯೇ ಸರಿ.

ಕ್ಲಾಸ್-ಎಬಿ ಆಂಪ್ಲಿಫೈಯರ್, ಡಿಜಿಟಲ್ ಇಲ್ಲದ್ದು: ಯುರೋಪಿನ 230 ವೋಲ್ಟಿನ ಪೀಸಾದರೆ, ಸರ್ಕ್ಯೂಟ್ ಚಿತ್ರ ಸಿಗುವುದಾದರೆ, ನಿಮ್ಮೂರಲ್ಲಿ ಒಳ್ಳೆಯ ಟೆಕ್ನಿಷಿಯನ್ ಇದ್ದರೆ ಗ್ರೇ ನಡೆಯುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರ್, ರಿಲೇ, ಕೆಪ್ಯಾಸಿಟರ್ ಇಲ್ಲಿಯೇ ಸಿಗುತ್ತವೆ. ವಾಲ್ವ್ ಆಂಪ್ಲಿಫೈಯರ್ ಇನ್ನೂ ಸುಲಭ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಂದನ್ನು ಬಿಟ್ಟು.

ಹೆಡ್‌ಫೋನ್, ಇಯರ್‌ಫೋನ್, ಕೇಬಲ್, ಕಾರ್ಟ್ರಿಜ್: ಇಲ್ಲಿ ಭಯ ವಾರಂಟಿಯದಲ್ಲ, ನಕಲಿಯದು. ಚಿಕ್ಕದು, ಹಗುರ, ದುಬಾರಿ, ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯದು. ನಕಲಿ ಮಾಡುವವನಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಗ್ರೇ ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ನಂಬಬೇಡಿ.

ಹಣ ಕೊಡುವ ಮುನ್ನ

ಡೀಲರ್ ಅಂಗಡಿಯ ಬೋರ್ಡು ಪುರಾವೆಯಲ್ಲ. ಕಂಪನಿಯ ಮೂಲ ಜಾಲತಾಣದ ಡೀಲರ್ ಪಟ್ಟಿಯಲ್ಲಿ ಹೆಸರು ಹುಡುಕಿ, ಆಮೇಲೆ ಡಿಸ್ಟ್ರಿಬ್ಯೂಟರ್‌ಗೆ ಡೀಲರ್ ಹೆಸರು ಮತ್ತು ಪೂರ್ಣ ಮಾಡೆಲ್ ನಂಬರ್ ಬರೆದು ಖಚಿತಪಡಿಸಿಕೊಳ್ಳಿ. ಮುಂಗಡ ಕೊಡುವಾಗಲೇ ಸೀರಿಯಲ್ ನಂಬರಿನ ಫೋಟೋ ಕೇಳಿ. ಅದನ್ನು ಕಳಿಸಲು ಹಿಂಜರಿಯುವವನ ಹತ್ತಿರ ವ್ಯಾಪಾರ ಬೇಡ.

ಮಾಡೆಲ್ ನಂಬರಿನ ಬಾಲವನ್ನು ಓದಲು ಕಲಿಯಿರಿ. ಮರಾಂಟ್ಜ್‌ನಲ್ಲಿ ಕೊನೆಗೆ ಎನ್1ಬಿ ಎಂದಿದ್ದರೆ ಯುರೋಪಿನ ಕಪ್ಪು ಪೀಸು, ಯು1ಬಿ ಎಂದಿದ್ದರೆ ಅಮೆರಿಕದ್ದು. ಬಿಲ್ಲಿನಲ್ಲಿ ಬಾಲ ಸಮೇತ ಬರೆಸಬೇಕು.

ಡಬ್ಬದ ಮೇಲೆ ಆಮದುದಾರನ ಚೀಟಿ ಇದೆಯೇ ನೋಡಿ. 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ ನಿಯಮಗಳ ಪ್ರಕಾರ ಆಮದು ಸರಕಿನ ಮೇಲೆ ಆಮದುದಾರನ ಹೆಸರು-ವಿಳಾಸ, ತಯಾರಾದ ದೇಶ, ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ಗ್ರಾಹಕ ದೂರಿನ ಸಂಪರ್ಕ ಇರಬೇಕು. ಆ ಚೀಟಿಯಲ್ಲಿರುವ ಹೆಸರು ಡಿಸ್ಟ್ರಿಬ್ಯೂಟರ್‌ನದಾಗಿದ್ದರೆ ಪೀಸು ಸರಿಯಾದ ದಾರಿಯಲ್ಲಿ ಬಂದಿದೆ. ಬೇರೆ ಹೆಸರಿದ್ದರೆ ಅದು ಸಮಾನಾಂತರ ಆಮದು. ಚೀಟಿಯೇ ಇಲ್ಲದಿದ್ದರೆ ಬ್ಯಾಗೇಜಿನಲ್ಲಿ ಬಂದದ್ದಿರಬೇಕು.

ಬಿಲ್ಲಿನಲ್ಲಿ ಜಿಎಸ್‌ಟಿ ನೋಂದಣಿ ಸಂಖ್ಯೆ 15 ಅಂಕಿ-ಅಕ್ಷರಗಳದ್ದು, ಕರ್ನಾಟಕದ ಅಂಗಡಿಯದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಹಾಕಿ ನೋಡಿದರೆ ಅಂಗಡಿಯ ಹೆಸರು, ನೋಂದಣಿ ಜೀವಂತ ಇದೆಯೇ ಎಂಬುದು ತಿಳಿಯುತ್ತದೆ. ಆನ್‌ಲೈನ್ ತಾಣಗಳಲ್ಲಿ ಒಂದೇ ಪುಟದಲ್ಲಿ ಹಲವು ಮಾರಾಟಗಾರರು ಇರುತ್ತಾರೆ. ಪುಟದ ಮೇಲೆ ಕಂಪನಿಯ ಲೋಗೊ ಇದ್ದ ಮಾತ್ರಕ್ಕೆ ಮಾರುವವನು ಅಧಿಕೃತನಲ್ಲ. "ಮಾರಾಟ ಮಾಡುವವರು" ಎಂಬ ಸಾಲನ್ನು ಒತ್ತಿ ನೋಡಿ.

"ಶಾಪ್ ವಾರಂಟಿ", "ಸೆಲ್ಲರ್ ವಾರಂಟಿ" ಎಂದರೆ ಅಂಗಡಿಯವನ ಮಾತು ಅಷ್ಟೇ. ಅದು ಬೆಲೆಯಿಲ್ಲದ್ದೇನೂ ಅಲ್ಲ, ಆದರೆ ಲೆಟರ್‌ಹೆಡ್‌ನಲ್ಲಿ ಬರಬೇಕು: ಎಷ್ಟು ತಿಂಗಳು, ಬಿಡಿಭಾಗ ಸೇರಿದೆಯೇ, ಸಾಗಣೆ ಯಾರದು, 30 ದಿನದಲ್ಲಿ ರಿಪೇರಿ ಆಗದಿದ್ದರೆ ಬದಲಿ ಪೀಸೋ ಹಣ ವಾಪಸೋ. "ಇಂಟರ್‌ನ್ಯಾಷನಲ್ ವಾರಂಟಿ ಇದೆ ಸರ್" ಎಂದರೆ ಕಂಪನಿಯ ಪತ್ರದಲ್ಲಿ ಆ ಸಾಲು ತೋರಿಸಿ ಎನ್ನಿ.

ಕಾನೂನು ಎಲ್ಲಿ ನಿಲ್ಲುತ್ತದೆ

ಸಮಾನಾಂತರ ಆಮದು ಕಳ್ಳಮಾಲಲ್ಲ. ಕಪಿಲ್ ವಾಧ್ವಾ ಮತ್ತು ಸ್ಯಾಮ್‌ಸಂಗ್ ನಡುವಿನ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2012ರ ಅಕ್ಟೋಬರ್‌ನಲ್ಲಿ, ವಿದೇಶದಲ್ಲಿ ಕಾನೂನುಬದ್ಧವಾಗಿ ಕೊಂಡ ಅಸಲಿ ಸರಕನ್ನು ಇಲ್ಲಿ ತಂದು ಮಾರಬಹುದು ಎಂದು ಹೇಳಿತು. ಆ ಪ್ರಕರಣ ಪ್ರಿಂಟರುಗಳದ್ದು. ಜೊತೆಗೆ ಒಂದು ಷರತ್ತು ಹಾಕಿತು: ಇದು ಆಮದು ಸರಕು, ಕಂಪನಿಯ ವಾರಂಟಿಯಾಗಲಿ ಸರ್ವಿಸ್ ಆಗಲಿ ಇಲ್ಲ, ಅದು ಮಾರುವವನದೇ ಹೊಣೆ ಎಂದು ಗ್ರಾಹಕನಿಗೆ ಎದ್ದು ಕಾಣುವಂತೆ ತಿಳಿಸಬೇಕು. ಹಾಗೆ ತಿಳಿಸದೆ "ಕಂಪನಿ ವಾರಂಟಿ" ಎಂದು ಮಾರಿದವನು ಸಿಕ್ಕಿಬೀಳುತ್ತಾನೆ, ಅದಕ್ಕೇ ವಾಟ್ಸ್‌ಆ್ಯಪ್ ಮಾತುಕತೆಯನ್ನು ಅಳಿಸಬೇಡಿ. ನ್ಯೂಯಾರ್ಕ್ ರಾಜ್ಯದ ಕಾನೂನು ಇನ್ನೂ ಮುಂದೆ ಹೋಗಿ, ಮಾರಿದ ಡೀಲರ್ ಯಾರು ಎಂಬ ಒಂದೇ ಕಾರಣಕ್ಕೆ ತಯಾರಕ ವಾರಂಟಿಯನ್ನು ಮಿತಿಗೊಳಿಸುವಂತಿಲ್ಲ ಎನ್ನುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಉಪಯೋಗಕ್ಕೆ ಬಂದೀತು, ಇಲ್ಲಿಗೆ ತಂದ ಪೀಸಿಗಲ್ಲ.

ಕೊಂಡಾಗಿದ್ದರೆ

ಡಬ್ಬ ತೆರೆಯುವುದನ್ನು ಕತ್ತರಿಸದೆ ವಿಡಿಯೋ ಮಾಡಿ, ಸೀರಿಯಲ್ ನಂಬರ್ ಅದರಲ್ಲಿ ಓದುವಂತಿರಲಿ. ಡಬ್ಬ ಮತ್ತು ಒಳಗಿನ ಫೋಮ್ ಎಸೆಯಬೇಡಿ. 25 ಕೆ.ಜಿ. ಆಂಪ್ಲಿಫೈಯರನ್ನು ಬೇರೆ ಡಬ್ಬದಲ್ಲಿ ಕಳಿಸಿದರೆ ಟ್ರಾನ್ಸ್‌ಫಾರ್ಮರ್ ತಳದಿಂದ ಕಿತ್ತು ಬರುತ್ತದೆ. ಎಲೆಕ್ಟ್ರಾನಿಕ್ಸ್‌ನ ತಯಾರಿಕಾ ದೋಷಗಳು ಬಹುತೇಕ ಮೊದಲ ವಾರಗಳಲ್ಲೇ ಹೊರಬರುವುದರಿಂದ, ಬದಲಿಸಿಕೊಡುವ ಅವಧಿಯೊಳಗೆ ಎಲ್ಲ ಇನ್‌ಪುಟ್, ಎಲ್ಲ ಔಟ್‌ಪುಟ್, ರಿಮೋಟಿನ ಎಲ್ಲ ಗುಂಡಿ ಪರೀಕ್ಷಿಸಿ. ಆಂಪ್ಲಿಫೈಯರನ್ನು ಸ್ಪೀಕರ್ ಜೋಡಿಸದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು 20 ನಿಮಿಷ ಬಿಸಿಯಾಗಲು ಬಿಟ್ಟು, ಸ್ಪೀಕರ್ ಟರ್ಮಿನಲ್‌ನ ಪ್ಲಸ್-ಮೈನಸ್ ನಡುವೆ ಡಿ.ಸಿ. ಮಿಲಿವೋಲ್ಟ್ ನೋಡಿ. 50ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 100 ದಾಟಿದರೆ ಸ್ಪೀಕರ್ ಜೋಡಿಸದೆ ಮಾರಾಟಗಾರನಿಗೆ ಹೇಳಿ. ವಾಲ್ವ್ ಆಂಪ್ಲಿಫೈಯರನ್ನು ಮಾತ್ರ ಸ್ಪೀಕರ್ ಇಲ್ಲದೆ ಆನ್ ಮಾಡಬಾರದು.

ವಾರಂಟಿ ಇರಲಿ ಇಲ್ಲದಿರಲಿ, ವೋಲ್ಟೇಜ್ ಏರಿಳಿತ, ಸಿಡಿಲು, ಜಿರಳೆ-ಇಲಿ ಮಾಡಿದ ಹಾನಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಮನೆಯೊಳಗೆ 400 ವೋಲ್ಟ್ ಹತ್ತಿರ ಬರಬಹುದು. ಸ್ಪೈಕ್ ಗಾರ್ಡ್ ಅದನ್ನು ತಡೆಯುವುದಿಲ್ಲ, ಓವರ್‌ವೋಲ್ಟೇಜ್ ಕಟ್-ಆಫ್ ರಿಲೇ ಬೇಕು. ಮುಂಗಾರು ಪೂರ್ವದ ಗುಡುಗಿನ ಸಂಜೆಗಳಲ್ಲಿ ಪ್ಲಗ್ ಜೊತೆ ಲ್ಯಾನ್ ಕೇಬಲನ್ನೂ ಕಿತ್ತಿಡಿ.

ರಿಪೇರಿಗೆ ಹೊರದೇಶಕ್ಕೇ ಕಳಿಸಬೇಕಾಗಿ ಬಂದರೆ ಸುಮ್ಮನೆ ಕೊರಿಯರ್ ಮಾಡಬೇಡಿ. ರಿಪೇರಿಗಾಗಿ ರಫ್ತು ಎಂದು ಶಿಪ್ಪಿಂಗ್ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಸಮೇತ ನಮೂದಿಸಿ ಕಳಿಸಿದರೆ, 2017ರ 45ನೇ ಕಸ್ಟಮ್ಸ್ ಅಧಿಸೂಚನೆಯಡಿ ಮೂರು ವರ್ಷದೊಳಗೆ ಅದೇ ಪೀಸು ವಾಪಸಾದಾಗ ರಿಪೇರಿ ಖರ್ಚು, ಹೋಗಿಬರುವ ಸಾಗಣೆ ಮತ್ತು ವಿಮೆಯ ಮೊತ್ತದ ಮೇಲೆ ಮಾತ್ರ ಸುಂಕ ಬೀಳುತ್ತದೆ. ಕಾಗದ ಇಲ್ಲದಿದ್ದರೆ ಹೊಸ ಸರಕೆಂದು ಪೂರ್ತಿ ಸುಂಕ ಕೇಳುತ್ತಾರೆ. ಕಂಪನಿಯವರು ರಿಪೇರಿ ಬದಲು ಹೊಸ ಪೀಸೇ ಕಳಿಸಿದರೆ ಈ ರಿಯಾಯಿತಿ ಸಿಗುವುದಿಲ್ಲ, ಏಕೆಂದರೆ ಸೀರಿಯಲ್ ನಂಬರ್ ಬೇರೆ. ಕಳಿಸುವ ಮೊದಲೇ ಇದನ್ನು ಅವರಿಗೆ ಬರೆದು ತಿಳಿಸಿ.

ಮಾರಾಟಗಾರ ಫೋನ್ ಎತ್ತುವುದನ್ನು ನಿಲ್ಲಿಸಿದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸಿಸುವ ಊರಿನಲ್ಲೇ ದೂರು ಹಾಕಬಹುದು, ಅಂಗಡಿ ಮುಂಬೈಯಲ್ಲಿದ್ದರೂ ಶಿವಮೊಗ್ಗದವರು ಶಿವಮೊಗ್ಗದಲ್ಲೇ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗದ ವ್ಯಾಪ್ತಿ, 5 ಲಕ್ಷದವರೆಗೆ ಶುಲ್ಕವಿಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ದೂರಿಗೆ ಬಿಲ್, ಹಣ ಪಾವತಿಯ ದಾಖಲೆ, ಸೀರಿಯಲ್ ನಂಬರಿನ ಫೋಟೋ, ಡಿಸ್ಟ್ರಿಬ್ಯೂಟರ್ ವಾರಂಟಿ ನಿರಾಕರಿಸಿದ ಇಮೇಲ್, ಮಾರಾಟಗಾರ ಕೊಟ್ಟ ಭರವಸೆಯ ಸ್ಕ್ರೀನ್‌ಶಾಟ್ ಜೋಡಿಸಿ. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ವಾರಂಟಿ ನಿರಾಕರಿಸಿದ ಇಮೇಲಿನ ತಾರೀಖು ಆಗ ಬೇಕಾಗುವುದರಿಂದ, ಡಿಸ್ಟ್ರಿಬ್ಯೂಟರ್ ಫೋನಿನಲ್ಲಿ ಆಗುವುದಿಲ್ಲ ಎಂದರೂ ಅದನ್ನು ಬರಹದಲ್ಲಿ ಕೇಳಿ ತೆಗೆದುಕೊಳ್ಳಿ.